ಕಾಡಿಗಾಗಿ ದುಡಿದ ವಿಜ್ಞಾನಿ: ಜಾನಕಿ ಅಮ್ಮಾಳ್

ಅರಿವು ಮನುಷ್ಯನಿಗೆ ಎರಡು ಬಗೆಯಲ್ಲಿ ಒದಗುತ್ತದೆ. ಸೃಷ್ಟಿಯನ್ನು ತನ್ನ ಉಪಯೋಗಕ್ಕೆ ಒಗ್ಗಿಸಿಕೊಳ್ಳುವುದು ಒಂದು ಬಗೆ; ಅದು ಇದ್ದಂತೆಯೇ ಅರಿತು ಗೌರವಿಸುವುದು ಇನ್ನೊಂದು. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರ ಬದುಕಿನಲ್ಲಿ ನಾವು ಇವೆರಡನ್ನೂ ಕಾಣುತ್ತೇವೆ.

1897ರ ನವೆಂಬರ್ 4ರಂದು ಕೇರಳದ ತಲಶ್ಶೇರಿಯಲ್ಲಿ ಜನಿಸಿದ ಅವರು ಮದರಾಸಿನಲ್ಲಿ ಓದಿ, 1931ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನ ಸಂಶೋಧನಾ ಕೇಂದ್ರದಲ್ಲಿ ಕಬ್ಬನ್ನು ಇತರ ಹುಲ್ಲುಗಳೊಡನೆ ಸಂಕರಗೊಳಿಸಿದರು. ಬಳಿಕ ಇಂಗ್ಲೆಂಡಿಗೆ ತೆರಳಿ, ಸಿ.ಡಿ. ಡಾರ್ಲಿಂಗ್ಟನ್ ಅವರೊಡನೆ ಕೃಷಿ ಸಸ್ಯಗಳ ವರ್ಣತಂತುಗಳನ್ನು ಕುರಿತ ಬೃಹತ್ ಗ್ರಂಥವನ್ನು 1945ರಲ್ಲಿ ಪ್ರಕಟಿಸಿದರು.

ವರ್ಣತಂತುಗಳೆಂದರೆ ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತಿರುವ ಸೂಕ್ಷ್ಮ ಎಳೆಗಳು. ಹೊರನೋಟಕ್ಕೆ ಒಂದೇ ಎನಿಸುವ ಎರಡು ಗಿಡಗಳಲ್ಲಿ ಒಂದರ ಎಳೆಗಳು ಇನ್ನೊಂದರ ಇಮ್ಮಡಿಯಾಗಿರಬಹುದು. ಆಗ ಅವೆರಡರ ನಡುವೆ ಫಲವತ್ತಾದ ಸಂತತಿ ಮೂಡುವುದು ಕಷ್ಟ. ಒಂದನ್ನು ಉಳಿಸಿದರೆ ಇನ್ನೊಂದು ಉಳಿದಂತಾಗದು. ಆದುದರಿಂದ ಯಾವ ಸಸ್ಯವನ್ನು ಯಾವ ನೆಲದಲ್ಲಿ ಕಾಪಾಡಬೇಕೆಂಬ ನಿರ್ಧಾರಕ್ಕೆ ಈ ಎಣಿಕೆ ದಾರಿ ತೋರುತ್ತದೆ. ಈಶಾನ್ಯ ಹಿಮಾಲಯದ ತೇವಭರಿತ ಕಾಡುಗಳಲ್ಲಿ ಹೊಸ ಪ್ರಭೇದಗಳು ಹೆಚ್ಚಾಗಿ ಮೂಡಲು ವರ್ಣತಂತುಗಳ ಈ ವೃದ್ಧಿಯೇ ಕಾರಣವೆಂದು ಅವರು ಪ್ರತಿಪಾದಿಸಿದರು.

ಪ್ರಧಾನಿ ನೆಹರೂ ಅವರ ಆಹ್ವಾನದಂತೆ ಸ್ವದೇಶಕ್ಕೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪುನಾರಚನೆಗಾಗಿ ದುಡಿದರು. ಒಮ್ಮೆ ಸಂಪಿಗೆಯ ಬಳಗಕ್ಕೆ ಸೇರಿದ, ಆ ಭಾಗದಲ್ಲಿ ಒಂದೇ ಒಂದು ಉಳಿದಿದ್ದ ಮ್ಯಾಗ್ನೋಲಿಯಾ ಮರವನ್ನು ಅರಸಿ ಶಿಲ್ಲಾಂಗಿನಿಂದ 37 ಮೈಲು ಹೋದರು. ಆ ವೇಳೆಗೆ ಮರ ಸುಟ್ಟುಹೋಗಿತ್ತು. ಅದರೊಂದಿಗೆ ಅದು ಹೊತ್ತಿದ್ದ ವಂಶಗುಣಗಳೂ ಆ ನೆಲದಿಂದ ಅಳಿದವು.

ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆ ವಿವಾದಕ್ಕೀಡಾದಾಗ ಜಾನಕಿ ಅಮ್ಮಾಳ್ ಎಂಬತ್ತರ ಆಸುಪಾಸಿನಲ್ಲಿದ್ದರು. ನಾಡಿಗೆ ಬೆಳಕು ಬೇಕೆಂಬ ವಾದ ಹುರುಳಿಲ್ಲದ್ದಲ್ಲ. ಆದರೆ ಮುಳುಗಲಿದ್ದ ಮರಗಳೊಳಗೆ ಏನಿದೆಯೆಂದು ಯಾರೂ ಪೂರ್ತಿ ಅರಿತಿರಲಿಲ್ಲ. ಆ ಇಳಿವಯಸ್ಸಿನಲ್ಲಿ ಅವರು ಅಲ್ಲಿನ ಮರಗಳ ವರ್ಣತಂತುಗಳ ಸಮೀಕ್ಷೆಗೆ ಸಂಕಲ್ಪಿಸಿದರು. ಕಾಡಿನ ರಕ್ಷಣೆಗಾಗಿ ದನಿಯೆತ್ತಿದರು. 1984ರ ಫೆಬ್ರವರಿ 7ರಂದು ನಿಧನರಾದರು. ಅದೇ ವರ್ಷದ ನವೆಂಬರಿನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು.

ಆ ಕಣಿವೆಯನ್ನು ಹೊತ್ತ ಪಶ್ಚಿಮ ಘಟ್ಟವೇ ನಮ್ಮ ನಾಡಿನ ನದಿಗಳಿಗೂ ತೌರು. ಕಳೆದುಕೊಳ್ಳುವುದು ಏನೆಂದು ತಿಳಿಯದೆ ಅದನ್ನು ಕಳೆದುಕೊಳ್ಳಲು ಒಪ್ಪುವ ಹಕ್ಕು ನಮಗಿದೆಯೇ? ಕೊಡಲಿ ಎತ್ತುವ ಮುನ್ನ ಈ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಳ್ಳೋಣ.