ಜಿನ್ಜೆಂಡಾರ್ಫ್ ಪ್ರಭುವೂ ಹೆರ್ನ್‌ಹೂಟಿನ ಪ್ರಾರ್ಥನೆಯೂ

ಒಂದೇ ಊರಿನಲ್ಲಿ ವಾಸಿಸಿ, ಒಬ್ಬನೇ ಕರ್ತನನ್ನು ಆರಾಧಿಸಿ, ಒಂದೇ ಬಾವಿಯ ನೀರನ್ನು ಕುಡಿಯುತ್ತಿದ್ದರೂ ಒಬ್ಬರ ಮುಖವನ್ನೊಬ್ಬರು ನೋಡದ ಕ್ರೈಸ್ತರುಂಟೆಂಬುದನ್ನು ನಮ್ಮ ವಾಚಕರು ಅರಿಯದವರಲ್ಲ. ಅಂಥ ಊರೊಂದು ಜರ್ಮನಿಯ ಸಾಕ್ಸನಿ ಸೀಮೆಯಲ್ಲಿತ್ತು. ಅದರ ಒಡೆಯನಾಗಿದ್ದ ಜಿನ್ಜೆಂಡಾರ್ಫ್ ಪ್ರಭುವಿನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವನು 1700ನೇ ಇಸವಿ ಮೇ 26ರಲ್ಲಿ ಡ್ರೆಸ್ಡೆನ್ ಪಟ್ಟಣದಲ್ಲಿ ಹುಟ್ಟಿದನು. ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡನು. ತಾಯಿ ಮರುಮದುವೆಯಾದದ್ದರಿಂದ ಭಕ್ತಿವಂತಳಾದ ಅಜ್ಜಿಯು ಅವನನ್ನು ಸಾಕಿದಳು. ಹತ್ತನೆಯ ವಯಸ್ಸಿನಲ್ಲಿ ಹಾಲೆ ಪಟ್ಟಣದ ಶಾಲೆಗೆ ಸೇರಿದನು. ಅಲ್ಲಿ ಗುರುವಾದ ಫ್ರಾಂಕೆಯ ಮನೆಯ ಮೇಜಿನ ಬಳಿ ಕೂತು, ನಮ್ಮ ದೇಶದ ತರಂಗಂಬಾಡಿಯಲ್ಲಿ ಸುವಾರ್ತೆ ಸಾರುತ್ತಿದ್ದ ಮಿಶನೆರಿಗಳ ಸಮಾಚಾರವನ್ನು ಕೇಳಿದನು. ಅವನಿಗೆ ದೈವಜ್ಞಾನ ಕಲಿಯುವ ಆಶೆಯಿತ್ತು. ಬಂಧುಗಳ ಇಷ್ಟದಂತೆ ನ್ಯಾಯಶಾಸ್ತ್ರವನ್ನು ಓದಿ, ಡ್ರೆಸ್ಡೆನಿನ ಅರಮನೆಯಲ್ಲಿ ಉದ್ಯೋಗ ಹಿಡಿದನು.

1722ರಲ್ಲಿ ಅವನು ಬೆರ್ಥೆಲ್ಸ್‌ಡಾರ್ಫ್ ಎಂಬ ಗ್ರಾಮವನ್ನು ಕೊಂಡುಕೊಂಡನು. ಅದೇ ವರುಷ ಮೊರಾವಿಯ ದೇಶದಲ್ಲಿ ನಂಬಿಕೆಯ ನಿಮಿತ್ತ ಹಿಂಸೆಪಡುತ್ತಿದ್ದ ಕೆಲವು ಕುಟುಂಬದವರು ಮನೆಮಾರು ಬಿಟ್ಟು, ರಾತ್ರಿಯಲ್ಲಿ ಗಡಿ ದಾಟಿ ಬಂದು ಅವನ ಭೂಮಿಯಲ್ಲಿ ಆಶ್ರಯ ಪಡೆದರು. ಅವರನ್ನು ಕರತಂದವನು ಕ್ರಿಸ್ಟಿಯಾನ್ ಡಾವಿದನೆಂಬ ಬಡಗಿ. ಜೂನ್ 17ರಲ್ಲಿ ಅವನು ಮೊದಲನೆಯ ಮರವನ್ನು ಕಡಿದನು. ಹೀಗೆ ಹುಟ್ಟಿದ ಊರಿಗೆ ಹೆರ್ನ್‌ಹೂಟ್, ಅಂದರೆ ಕರ್ತನ ಕಾವಲು, ಎಂದು ಹೆಸರಾಯಿತು.

ಐದು ವರುಷಗಳಲ್ಲಿ ಅಲ್ಲಿ ಸುಮಾರು 300 ಮಂದಿ ಕೂಡಿದರು. ಆದರೆ ಎಲ್ಲರೂ ಒಂದೇ ಪಂಗಡದವರಲ್ಲ. ಮೊರಾವಿಯದವರು ತಮ್ಮ ಪೂರ್ವಿಕರ ಸಭಾಕ್ರಮವೇ ಬೇಕೆಂದರು. ಲುಥೆರನ ಮತದವರು ಬೋಧಕನಾದ ರೋತೆಯ ಪಕ್ಷ ಹಿಡಿದರು. ಬೇರೆ ಬೇರೆ ಬೋಧನೆಯವರೂ ಬಂದು ಸೇರಿದ್ದರು. ಹೊರಗಿನಿಂದ ಬಂದ ಒಬ್ಬನು ಪ್ರಭುವನ್ನು ಪ್ರಕಟನೆಯ ಪುಸ್ತಕದಲ್ಲಿ ಹೇಳಿರುವ ಮೃಗವೆಂದೂ ರೋತೆಯನ್ನು ಸುಳ್ಳುಪ್ರವಾದಿಯೆಂದೂ ಸಾರತೊಡಗಿದನು. ಪರದೇಶಿಗಳಿಗೆ ಇರಲು ನೆಲ ಕೊಟ್ಟವನಿಗೆ ಸಿಕ್ಕಿದ ಕೂಲಿ ಇದು! ಕ್ರಿಸ್ಟಿಯಾನ್ ಡಾವಿದನು ಸಹ ಆ ಮಾತಿಗೆ ಮರುಳಾಗಿ ಉಳಿದವರಿಂದ ಬೇರೆಯಾಗಿ ಮನೆ ಕಟ್ಟಿಕೊಂಡನು.

ಪ್ರಭುವು ಅವರನ್ನು ಊರಿನಿಂದ ಹೊರಡಿಸಿಬಿಡಬಹುದಾಗಿತ್ತು. ಅಧಿಕಾರ ಅವನ ಕೈಯಲ್ಲಿತ್ತು. ಹಾಗೆ ಮಾಡದೆ, 1727ರಲ್ಲಿ ಅರಮನೆಯ ಕೆಲಸದಿಂದ ರಜೆ ಪಡೆದು ಹೆರ್ನ್‌ಹೂಟಿನಲ್ಲಿಯೇ ಬಂದು ನೆಲೆಸಿದನು. ಮನೆಮನೆಗೆ ಹೋಗಿ, ಪ್ರತಿಯೊಬ್ಬರ ದೂರನ್ನು ಕೇಳಿ, ಅವರ ಸಂಗಡ ಮೊಣಕಾಲೂರಿದನು. ಮೇ 12ರಲ್ಲಿ ಎಲ್ಲರನ್ನೂ ಕೂಡಿಸಿ, ಒಡಕಿನ ಪಾಪದ ವಿಷಯವಾಗಿ ಸುಮಾರು ಮೂರು ತಾಸು ಮಾತಾಡಿದನು. ಆ ದಿನ ಅವರು ಊರಿನ ಕಟ್ಟಳೆಗಳಿಗೆ ಒಪ್ಪಿಕೊಂಡು ಹನ್ನೆರಡು ಮಂದಿ ಹಿರಿಯರನ್ನು ಆರಿಸಿಕೊಂಡರು. ತಪ್ಪಿಹೋಗಿದ್ದ ಕ್ರಿಸ್ಟಿಯಾನ್ ಡಾವಿದನು ತಿರುಗಿಕೊಂಡು ಅವರಲ್ಲೊಬ್ಬನಾದನು. ಇದನ್ನು ನಾವು ಸಣ್ಣ ಸಂಗತಿಯೆಂದೆಣಿಸುವುದಿಲ್ಲ. ಒಮ್ಮೆ ಎದುರಾಳಿಯಾದವನನ್ನು ಹಿರಿಯನನ್ನಾಗಿ ಆರಿಸುವ ಸಭೆ ವಿರಳ.

ಕಟ್ಟಳೆಯಿಂದ ಬಾಯಿ ಸುಮ್ಮನಾಗಬಹುದು, ಹೃದಯವು ಕರಗಲಾರದು. ಆದಕಾರಣ ಎರಡು ಮೂರು ಮಂದಿ ಕೂಡಿ ಒಬ್ಬರಿಗೊಬ್ಬರು ತಪ್ಪನ್ನು ಅರಿಕೆಮಾಡಿ ಪ್ರಾರ್ಥಿಸುವ ಚಿಕ್ಕ ಕೂಟಗಳು ನಡೆದವು. ಆಗಸ್ಟ್ ತಿಂಗಳಲ್ಲಿ ಪ್ರಭುವೂ ಕೆಲವು ಸಹೋದರರೂ ಒಂದು ರಾತ್ರಿಯೆಲ್ಲಾ ಎಚ್ಚರವಾಗಿದ್ದು ಪ್ರಾರ್ಥಿಸಿದರು. ಆಗಸ್ಟ್ 13ನೇ ಬುಧವಾರದಂದು ರೋತೆಯು ಎಲ್ಲರನ್ನೂ ಬೆರ್ಥೆಲ್ಸ್‌ಡಾರ್ಫಿನ ದೇವಾಲಯದಲ್ಲಿ ಕರ್ತನ ಭೋಜನಕ್ಕೆ ಕರೆದನು. ಪ್ರಭುವು ಸಭೆಯ ಪರವಾಗಿ ಪಾಪದರಿಕೆಯ ಪ್ರಾರ್ಥನೆ ಮಾಡಿದನು. ಜನರು ಅತ್ತರು, ವೈರಿಗಳಾಗಿದ್ದವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಪವಿತ್ರಾತ್ಮನು ಆ ದಿನ ತಮ್ಮನ್ನು ಒಂದೇ ಸಭೆಯಾಗಿ ಮಾಡಿದನೆಂದು ಅವರು ಮುಂದೆ ಯಾವಾಗಲೂ ಸ್ಮರಿಸಿದರು.

ಆ ತಿಂಗಳಿನ 27ರಲ್ಲಿ 24 ಮಂದಿ ಪುರುಷರೂ 24 ಮಂದಿ ಸ್ತ್ರೀಯರೂ ಒಂದು ಒಪ್ಪಂದ ಮಾಡಿಕೊಂಡರು. ಹಗಲಿರುಳಿನ 24 ತಾಸುಗಳನ್ನು ಹಂಚಿಕೊಂಡು, ತನ್ನ ಪಾಲಿಗೆ ಬಂದ ತಾಸಿನಲ್ಲಿ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ಪ್ರಾರ್ಥಿಸತಕ್ಕದ್ದು. ವಾರಕ್ಕೊಮ್ಮೆ ಕೂಡಿಬಂದು, ಯಾರಿಗಾಗಿ ಯಾವುದಕ್ಕಾಗಿ ಬೇಡಬೇಕೆಂಬುದನ್ನು ತಿಳಿದುಕೊಳ್ಳುತ್ತಿದ್ದರು. ಇವರು ವಿದ್ವಾಂಸರಲ್ಲ, ಬಹುಮಂದಿ ಕೈಕೆಲಸದಿಂದ ಜೀವಿಸುವವರು. ಹೀಗೆ ಆರಂಭವಾದ ಪ್ರಾರ್ಥನೆ ನೂರು ವರುಷಕ್ಕಿಂತ ಹೆಚ್ಚು ಕಾಲ ನಡೆಯಿತು.

ಐದು ವರುಷಗಳ ನಂತರ, 1732ರ ಆಗಸ್ಟ್ 21ರಲ್ಲಿ, ಕುಂಬಾರನಾದ ಡೋಬರನೂ ಬಡಗಿಯಾದ ನಿಚ್‌ಮಾನನೂ ಆ ಊರಿನಿಂದ ಹೊರಟು, ಸೆಂಟ್ ತೋಮಸ್ ದ್ವೀಪದ ಗುಲಾಮರಿಗೆ ಸುವಾರ್ತೆ ಸಾರಲು ಹೋದರು. ಬೇರೆಯವರು ಗ್ರೀನ್‌ಲೆಂಡಿಗೂ ದಕ್ಷಿಣ ಆಫ್ರಿಕಕ್ಕೂ ಹೋದರು.

ಪ್ರಭುವಿಗೆ ಕಷ್ಟಗಳು ತಪ್ಪಲಿಲ್ಲ. 1736ರಲ್ಲಿ ಸಾಕ್ಸನಿಯ ಸರಕಾರವು ಅವನನ್ನು ದೇಶಭ್ರಷ್ಟನನ್ನಾಗಿ ಮಾಡಿತು. ಹನ್ನೊಂದು ವರುಷಗಳ ಮೇಲೆ ತಿರುಗಿಬರಲು ಅಪ್ಪಣೆಯಾಯಿತು. ಅವನ ಕುಂದುಗಳನ್ನೂ ನಾವು ಮರೆಮಾಡಬಾರದು. 1739ರಲ್ಲಿ ಸೆಂಟ್ ತೋಮಸಿಗೆ ಹೋಗಿ, ಸೆರೆಯಲ್ಲಿದ್ದ ಮಿಶನೆರಿಗಳನ್ನು ಬಿಡಿಸಿದನು. ಆದರೆ ಗುಲಾಮಗಿರಿಯೇ ಅನ್ಯಾಯವೆಂದು ಹೇಳದೆ, ಯಜಮಾನರಿಗೆ ವಿಧೇಯರಾಗಿರ್ರಿ ಎಂಬ ಬೋಧನೆಯನ್ನೇ ಆ ಬಡ ಗುಲಾಮರಿಗೆ ಕೊಟ್ಟು ಬಂದನು. ಸಭೆಯ ಕೆಲಸಕ್ಕಾಗಿ ದೊಡ್ಡ ಸಾಲಗಳನ್ನೂ ಮಾಡಿದನು.

1760ರ ಮೇ 9ರಲ್ಲಿ ಅವನು ಹೆರ್ನ್‌ಹೂಟಿನಲ್ಲಿ ಕರ್ತನಲ್ಲಿ ನಿದ್ರೆಹೋದನು. ಅದೇ ವರುಷ ಅವನ ಸಭೆಯ ಸಹೋದರರು, ಅವನು ಬಾಲ್ಯದಲ್ಲಿ ಹಾಲೆಯ ಮೇಜಿನ ಬಳಿ ಕೇಳಿದ್ದ ತರಂಗಂಬಾಡಿಗೆ ಬಂದಿಳಿದು, ಅಲ್ಲಿ ತೋಟ ಮಾಡಿಕೊಂಡು ನೆಲೆಸಿದರು. ಹೆರ್ನ್‌ಹೂಟಿನಲ್ಲಿ ತಾಸುತಾಸಿನ ಪ್ರಾರ್ಥನೆ ಆಗಲೂ ನಡೆಯುತ್ತಿತ್ತು.