ಗಣಿತಶಾಸ್ತ್ರಜ್ಞ ಶ್ರೀ ಮಹಾವೀರಾಚಾರ್ಯರು

ಸಿದ್ಧಾಂತ, ಪುರಾಣ, ಕಾವ್ಯ, ವ್ಯಾಕರಣಗಳಿಗೆ ಕರ್ನಾಟಕದ ಜೈನಾಚಾರ್ಯರು ಸಲ್ಲಿಸಿದ ಸೇವೆಯು ಸರ್ವವಿದಿತವಾದುದು. ಗಣಿತಶಾಸ್ತ್ರಕ್ಕೂ ಅವರ ಕಾಣಿಕೆ ಅಷ್ಟೇ ಹಿರಿದು. ಆ ಕೀರ್ತಿಗೆ ಮುಖ್ಯ ಕಾರಣರು ‘ಗಣಿತಸಾರಸಂಗ್ರಹ’ದ ಕರ್ತೃಗಳಾದ ಶ್ರೀ ಮಹಾವೀರಾಚಾರ್ಯರು.

ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿಂದ ಕ್ರಿ. ಶ. 814ರಿಂದ ಸುಮಾರು 878ರ ವರೆಗೆ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಆಚಾರ್ಯರು ಈ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಆದಿಯಲ್ಲಿ ವರ್ಧಮಾನ ಜಿನೇಂದ್ರರನ್ನು ವಂದಿಸಿ, ನೃಪತುಂಗನನ್ನು ಕೊಂಡಾಡಿದ ಅವರು ತಮ್ಮ ತಂದೆತಾಯಿ, ಹುಟ್ಟೂರುಗಳನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಅವರ ಕೃತಿಯೇ ಅವರ ಚರಿತ್ರೆ.

ಸಂಖ್ಯಾತ, ಅಸಂಖ್ಯಾತ, ಅನಂತಗಳ ವಿಚಾರವು ಜಿನಾಗಮದಲ್ಲಿ ಮೊದಲಿನಿಂದಲೂ ಇದ್ದಿತು. ಅದೇ ಶತಮಾನದ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ 29 ಸ್ಥಾನಗಳ ಸಂಖ್ಯೆಯ ಚರ್ಚೆಯುಂಟು. ಇಂತಹ ಮಹಾಸಂಖ್ಯೆಗಳನ್ನು ಲೌಕಿಕ ವಿದ್ಯಾರ್ಥಿಗೂ ಎಟುಕಿಸಿದವರು ಮಹಾವೀರಾಚಾರ್ಯರು. ಏಕ, ದಶ, ಶತದಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿಗಳನ್ನು ದಾಟಿ ಮಹಾಕ್ಷೋಭದ ವರೆಗೆ ಅವರು 24 ಸ್ಥಾನಗಳಿಗೆ ಹೆಸರು ಕೊಟ್ಟರು. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆಗಳು. ಅಂಕಿಗಳನ್ನು ಶ್ಲೋಕದಲ್ಲಿ ಹೇಳುವಾಗ 3ಕ್ಕೆ ರತ್ನ, 4ಕ್ಕೆ ಕಷಾಯ, 7ಕ್ಕೆ ತತ್ತ್ವ, 8ಕ್ಕೆ ಕರ್ಮವೆಂಬ ಶಬ್ದಗಳನ್ನು ಬಳಸಿದ್ದರಿಂದ ಗಣಿತಪಾಠದೊಡನೆ ಧರ್ಮಪಾಠವೂ ಸಾಗಿತು.

ಗುಣಾಕಾರದ ಪ್ರಕರಣದಲ್ಲಿ ಅವರು ಕೆಲವು ಲಬ್ಧಗಳನ್ನು ಕಂಠಾಭರಣಕ್ಕೆ ಹೋಲಿಸಿದ್ದಾರೆ. ಹಾರದ ಮಣಿಗಳಂತೆ ಈ ಅಂಕಿಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 14,28,57,143ನ್ನು 7ರಿಂದ ಗುಣಿಸಿದರೆ 1,00,00,00,001 ಬರುತ್ತದೆ. ಎರಡು ತುದಿಗೆ ಒಂದೊಂದು, ನಡುವೆಲ್ಲ ಸೊನ್ನೆ. 2,79,94,681ನ್ನು 441ರಿಂದ ಗುಣಿಸಿದರೆ ದೊರೆಯುವುದು 12345654321. ಒಂದರಿಂದ ಆರರ ವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಇದು ಮಂತ್ರವಲ್ಲ, ಮಾಯೆಯಲ್ಲ. 441 ಎಂಬುದು 21ರ ವರ್ಗ, 2,79,94,681 ಎಂಬುದು 5,291ರ ವರ್ಗ. 21ನ್ನೂ 5,291ನ್ನೂ ಗುಣಿಸಿದರೆ 1,11,111. ಅದರ ವರ್ಗವೇ ಈ ಹಾರ. ಎಷ್ಟೇ ದೊಡ್ಡ ಸಂಖ್ಯೆಯಾಗಲಿ ನಿಯಮಕ್ಕೆ ಒಳಪಟ್ಟೇ ಇರುವುದೆಂಬುದನ್ನು ಇದು ಬಾಲಕರಿಗೂ ಮನಗಾಣಿಸುತ್ತದೆ.

ಋಣರಾಶಿಗೆ ವರ್ಗಮೂಲವಿಲ್ಲವೆಂಬ ಮಾತನ್ನೂ ಅವರು ಸ್ಪಷ್ಟವಾಗಿ ಸಾರಿದರು. ಸೊನ್ನೆಯಿಂದ ಭಾಗಿಸಿದರೆ ರಾಶಿಯು ಬದಲಾಗದೆಂಬ ಅವರ ಅಭಿಪ್ರಾಯವನ್ನು ಮಾತ್ರ ಮುಂದಿನವರು ಒಪ್ಪಲಿಲ್ಲ. ಅದರಿಂದ ಅವರ ಹಿರಿಮೆಗೆ ಕುಂದಿಲ್ಲ.

ವ್ಯಾಪಾರಿಗಳನ್ನೂ ಆಚಾರ್ಯರು ಮರೆಯಲಿಲ್ಲ. ಬಡ್ಡಿ, ಪಾಲುದಾರಿಕೆ, ಚಿನ್ನದ ಬಣ್ಣಗಳ ಲೆಕ್ಕಗಳು ಗ್ರಂಥದಲ್ಲಿ ಹೇರಳವಾಗಿವೆ. ದಾರಿಯಲ್ಲಿ ಹಣದ ಚೀಲವನ್ನು ಕಂಡ ಮೂವರು ವರ್ತಕರಲ್ಲಿ ಅದು ತನಗೆ ಸಿಕ್ಕರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳುವ ಲೆಕ್ಕ ಪ್ರಸಿದ್ಧವಾದುದು. ಅವರ ಕೈಯಲ್ಲಿ 1, 3, 5 ನಾಣ್ಯಗಳಿದ್ದು ಚೀಲದಲ್ಲಿ 15 ಇದ್ದರೆ ಮೂವರ ಮಾತೂ ಸರಿಹೋಗುತ್ತದೆ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಶ್ರಾವಕರ ಶಾಸ್ತ್ರದಾನದಿಂದಲೂ ಲಿಪಿಕಾರರ ಶ್ರಮದಿಂದಲೂ ಉಳಿದುಬಂದ ಹಸ್ತಪ್ರತಿಗಳನ್ನು ಪರಿಶೋಧಿಸಿ 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿತು. ಓಲೆಗಳು ನಶಿಸಿದ್ದರೆ ಆಚಾರ್ಯರ ಹೆಸರೂ ಉಳಿಯುತ್ತಿರಲಿಲ್ಲ. ಜಿನಬಿಂಬ ಪ್ರತಿಷ್ಠೆಯಂತೆಯೇ ಶಾಸ್ತ್ರರಕ್ಷಣೆಯೂ ಶ್ರಾವಕರ ಕರ್ತವ್ಯವೆಂಬುದಕ್ಕೆ ಮಹಾವೀರಾಚಾರ್ಯರ ಕೃತಿಯೇ ಸಾಕ್ಷಿಯಾಗಿದೆ.