ಅಡುಗೆಮನೆಯಲ್ಲಿ ಸಿಕ್ಕ ಕಪ್ಪು ಬಣ್ಣ

ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆ ಗಾಲ್ಜಿ ಬಾಡಿ ನೆನಪಿರಬೇಕು. ದೋಸೆ ಪೇರಿಸಿಟ್ಟ ಹಾಗೆ ಚಿತ್ರ ಬರೆದು, ಮಾರ್ಕ್ಸ್ ತಗೊಂಡು, ಮರೆತುಬಿಟ್ಟಿರುತ್ತೇವೆ. ಅದು ಒಬ್ಬ ಮನುಷ್ಯನ ಹೆಸರು: ಕ್ಯಾಮಿಲ್ಲೊ ಗಾಲ್ಜಿ. ಹುಟ್ಟಿದ್ದು 1843ರಲ್ಲಿ, ಉತ್ತರ ಇಟಲಿಯ ಕೊರ್ತೆನೊ ಎಂಬ ಬೆಟ್ಟದೂರಿನಲ್ಲಿ. ಅಪ್ಪ ಡಾಕ್ಟರು. ಮಗನೂ ಪಾವಿಯಾದಲ್ಲಿ ವೈದ್ಯಕೀಯ ಓದಿ 1865ರಲ್ಲಿ ಪಾಸಾದರು.

ಮೈಕ್ರೋಸ್ಕೋಪಿನ ಹುಚ್ಚು ಹತ್ತಿತ್ತು, ಆದರೆ ಹೊಟ್ಟೆಪಾಡೂ ನೋಡಬೇಕಲ್ಲ. 1872ರಲ್ಲಿ ಮಿಲಾನ್ ಹತ್ತಿರದ ಅಬ್ಬಿಯಾತೆಗ್ರಾಸೊದಲ್ಲಿ, ವಾಸಿಯಾಗದ ರೋಗಿಗಳ ಆಸ್ಪತ್ರೆಗೆ ಕೆಲಸಕ್ಕೆ ಸೇರಿದರು. ಅಲ್ಲಿ ಲ್ಯಾಬ್ ಇರಲಿಲ್ಲ. ಅಡುಗೆಮನೆಯನ್ನೇ ಲ್ಯಾಬ್ ಮಾಡಿಕೊಂಡರು.

ಆಗಿನ ಬಣ್ಣಗಳಲ್ಲಿ ನರಕೋಶದ ಒಡಲು ಕಾಣುತ್ತಿತ್ತು, ಅದರ ಎಳೆ ಎಲ್ಲಿಗೆ ಹೋಗುತ್ತೆ ಅನ್ನೋದು ಕಾಣುತ್ತಿರಲಿಲ್ಲ. ಗಾಲ್ಜಿ ಮಿದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ನೆನೆಸಿ ಗಟ್ಟಿಮಾಡಿ, ಆಮೇಲೆ ಸಿಲ್ವರ್ ನೈಟ್ರೇಟ್‌ಗೆ ಹಾಕಿದರು. ಕೋಶದೊಳಗೆ ಸಿಲ್ವರ್ ಕ್ರೋಮೇಟ್ ಕೂತಿತು. ಹಳದಿ ಹಿನ್ನೆಲೆಯ ಮೇಲೆ ಒಂದಿಡೀ ಕೋಶ ಕೊಂಬೆ ರೆಂಬೆ ಸಮೇತ ಕಪ್ಪಾಗಿ ಎದ್ದು ಕಂಡಿತು! 1873ರಲ್ಲಿ ಇದನ್ನು ಪ್ರಕಟಿಸಿದರು. ಮಜಾ ಏನೆಂದರೆ, ಬಣ್ಣ ಹಿಡಿಯೋದು ನೂರರಲ್ಲಿ ಒಂದೋ ಐದೋ ಕೋಶಕ್ಕೆ ಮಾತ್ರ. ಯಾಕೆ ಅಂತ ಇವತ್ತಿಗೂ ಪೂರ್ತಿ ಬಿಡಿಸಿಲ್ಲ. ಎಲ್ಲಕ್ಕೂ ಹಿಡಿದಿದ್ದರೆ ಸ್ಲೈಡು ಬರೀ ಮಸಿ.

ನೋಡಿದ್ದು ಸರಿ, ಅರ್ಥಮಾಡಿಕೊಂಡದ್ದು ತಪ್ಪಾಯಿತು. ನರತಂತುಗಳೆಲ್ಲ ಒಂದಕ್ಕೊಂದು ಬೆಸೆದ ಒಂದೇ ಬಲೆ ಅಂತ ಗಾಲ್ಜಿ ನಂಬಿದರು. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಇದೇ ವಿಧಾನದ ಸ್ಲೈಡ್ ಕಂಡ ಸ್ಪೇನಿನ ಕಹಾಲ್ ಅದನ್ನು ಸುಧಾರಿಸಿ, ಎಳೆ ಪ್ರಾಣಿಗಳ ಮಿದುಳಿನಲ್ಲಿ ಪ್ರಯೋಗಿಸಿದರು. ಪ್ರತಿ ನರಕೋಶವೂ ಬೇರೆ ಬೇರೆ, ಎಳೆಗಳಿಗೆ ತುದಿ ಇದೆ ಎಂದರು. 1906ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಗಾಲ್ಜಿ ಅಲ್ಲಿನ ಭಾಷಣದಲ್ಲೂ ಆ ವಾದವನ್ನು ಒಪ್ಪಲಿಲ್ಲ. ಹಠವೆನ್ನಿ, ನಿಷ್ಠೆಯೆನ್ನಿ, ನನಗಂತೂ ಪಾಪ ಅನ್ನಿಸುತ್ತದೆ.

1898ರಲ್ಲಿ ಅವರು ಬೆಳ್ಳಿಯ ಬಣ್ಣದಿಂದಲೇ ಕೋಶದೊಳಗೆ ಕಂಡ ರಚನೆಯೇ ಗಾಲ್ಜಿ ಬಾಡಿ. ಅದು ಬಣ್ಣದಿಂದಾದ ಕಲೆ ಅಷ್ಟೇ ಎಂದು ಹಲವರು ತಳ್ಳಿಹಾಕಿದ್ದರು. 1926ರಲ್ಲಿ ಗಾಲ್ಜಿ ಪಾವಿಯಾದಲ್ಲಿ ತೀರಿಕೊಂಡರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದು ಗಾಲ್ಜಿ ಬಾಡಿ ನಿಜವೆಂದಿತು, ಬಲೆ ಸುಳ್ಳೆಂದಿತು.

1958ರಲ್ಲಿ ಜರ್ಮನಿಯ ಫ್ರೀಡ್ರಿಶ್ ಟಿಮ್ ಬೆಳ್ಳಿಯನ್ನೇ ಬೇರೆ ರೀತಿ ಬಳಸಿದರು. ಮೊದಲು ಮಿದುಳಿನಲ್ಲಿರುವ ಅತ್ಯಲ್ಪ ಲೋಹವನ್ನು ಸಲ್ಫೈಡ್ ಮಾಡಿ, ಅದರ ಮೇಲೆ ಫೋಟೋ ತೊಳೆದ ಹಾಗೆ ಬೆಳ್ಳಿ ಕೂರಿಸೋದು. ಹಿಪ್ಪೊಕ್ಯಾಂಪಸ್‌ನಲ್ಲಿ ಸತು ತುಂಬಿದ ಜಾಗಗಳು ಕಪ್ಪಾದವು. ಅವು, ಗಾಲ್ಜಿ ಕೊನೆವರೆಗೂ ಒಪ್ಪದ ಆ ನರತುದಿಗಳು.